ಸಮಾಧಿಯ ಕಲ್ಲಿನ ಅಂಕಿಯನ್ನು ಶಾಲೆಯ ಬೆಂಚಿನ ಮೇಲೆ ಅಳೆಯುವುದು ಹೇಗೆ

ಶಿರಸಿಯಲ್ಲಿ ನನ್ನದು ರೇಡಿಯೋ, ಟಿವಿ ರಿಪೇರಿ ಅಂಗಡಿ. ಈಗ ರೇಡಿಯೋ ತರುವವರು ವರ್ಷಕ್ಕೆ ನಾಲ್ಕೈದು ಮಂದಿ. ಹೊಟ್ಟೆ ತುಂಬಿಸುವುದು ಮಿಕ್ಸರ್, ಇನ್ವರ್ಟರ್ ಮತ್ತು ಮೇ ತಿಂಗಳ ಸಿಡಿಲಿಗೆ ಸತ್ತ ಸೆಟ್‌ಟಾಪ್ ಬಾಕ್ಸುಗಳು. ಭೌತಶಾಸ್ತ್ರಕ್ಕೂ ನನಗೂ ಪಿಯುಸಿಯಲ್ಲೇ ಋಣ ಹರಿದಿತ್ತು. ಹೀಗಿದ್ದೂ ಮ್ಯಾಕ್ಸ್ ಪ್ಲಾಂಕ್ ಎಂಬ ಜರ್ಮನ್ ವಿಜ್ಞಾನಿಯನ್ನು ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿ ತೋರಿಸುವುದು ಹೇಗೆ ಎಂದು ಬರೆಯಲು ಕುಳಿತಿದ್ದೇನೆ. ತಂಗಿಯ ಮಗಳ ಜೊತೆ ಎರಡು ವರ್ಷ ಈ ಕೆಲಸ ಮಾಡಿದ್ದೇನೆ. ಮೊದಲ ವರ್ಷ ಚೆನ್ನಾಗಿಯೇ ಮುಗ್ಗರಿಸಿದ್ದೇನೆ. ಆ ಮುಗ್ಗರಿಕೆಯೇ ನನ್ನ ಅರ್ಹತೆ.

ಮೊದಲ ಸಲ ಅವಳು ಅಂಗಡಿಗೆ ತಂದದ್ದು ಒಂದು ಚಾರ್ಟ್. ಅದರಲ್ಲಿ ತಪ್ಪೇನೂ ಇರಲಿಲ್ಲ. 1858ರ ಏಪ್ರಿಲ್ 23ರಂದು ಕೀಲ್ ನಗರದಲ್ಲಿ ಜನನ, 1918ರ ನೊಬೆಲ್ ಪ್ರಶಸ್ತಿ, 1947ರ ಅಕ್ಟೋಬರ್ 4ರಂದು ಗ್ಯೋಟಿಂಗೆನ್‌ನಲ್ಲಿ ನಿಧನ. ಅಂಚಿನ ಸುತ್ತ ಮಿಂಚುವ ಪೆನ್ನಿನ ಬಳ್ಳಿ, ನಡುವೆ ಕೆಂಪಕ್ಷರದಲ್ಲಿ ‘ಕ್ವಾಂಟಂ ಸಿದ್ಧಾಂತದ ಪಿತಾಮಹ’. ‘ಹಾಗೆಂದರೆ ಏನೇ?’ ಎಂದು ಕೇಳಿದೆ. ‘ಮಾವಾ, ಅದು ಸಿಲೆಬಸ್‌ನಲ್ಲಿ ಇಲ್ಲ’ ಎಂದಳು.

ಗ್ಯೋಟಿಂಗೆನ್‌ನ ಸ್ಮಶಾನದಲ್ಲಿರುವ ಪ್ಲಾಂಕ್ ಸಮಾಧಿಯ ಚಿತ್ರವನ್ನು ಮೊಬೈಲಿನಲ್ಲಿ ಹುಡುಕಿ ನೋಡಿ. ಎತ್ತರದ ಕಲ್ಲಿನಲ್ಲಿ ಅವರ ಹೆಸರು. ಕೆಳಗೆ ಒಂದು ಅಂಕಿ. ಅದು ಪ್ಲಾಂಕ್ ನಿಯತಾಂಕ, ಬೆಳಕಿನ ಒಂದು ಪೊಟ್ಟಣದಲ್ಲಿ ಎಷ್ಟು ಶಕ್ತಿ ಎಂದು ಲೆಕ್ಕ ಹಾಕಲು ಬೇಕಾದ ಅಂಕಿ, ಎಲ್ಲರೂ ‘ಎಚ್’ ಎಂದು ಕರೆಯುವುದು. ಪಾಠಪುಸ್ತಕದಲ್ಲಿ 6.626 × 10⁻³⁴ ಎಂದಿದ್ದರೆ ಕಲ್ಲಿನ ಮೇಲೆ 6.62 × 10⁻²⁷ ಎಂದು ಕೆತ್ತಿದೆ. ಶಿಲ್ಪಿ ತಪ್ಪಿಲ್ಲ. ಕಲ್ಲಿನದು ಹಳೆಯ ಅರ್ಗ್ ಲೆಕ್ಕ, ಪುಸ್ತಕದ್ದು ಜೂಲ್ ಲೆಕ್ಕ, ಎರಡೂ ಶಕ್ತಿಯ ಅಳತೆಯೇ. ಒಂದು ಜೂಲ್ ಎಂದರೆ ಒಂದು ಕೋಟಿ ಅರ್ಗ್. ಆ ಅಂಕಿಯನ್ನು ಮಕ್ಕಳು ನಾಲ್ಕು ಬಣ್ಣದ ಎಲ್‌ಇಡಿ ದೀಪಗಳಿಂದ ತಾವೇ ಅಳೆಯಬೇಕು. ಜೀವನಕಥೆ ಆ ಅಳತೆಯ ಬೆನ್ನಿಗೆ ಬರಲಿ.

ಮೊದಲು ಕುಲುಮೆಗೆ ಹೋಗಿ

ಎಲ್‌ಇಡಿ ಕೊಳ್ಳುವ ಮೊದಲು ಮಕ್ಕಳನ್ನು ಕರೆದುಕೊಂಡು ಊರಿನ ಆಚಾರಿಯ ಕುಲುಮೆಗೆ ಹೋಗಿ ಅರ್ಧ ಗಂಟೆ ಸುಮ್ಮನೆ ನಿಲ್ಲಿ. ಸಂಜೆಯಾದರೆ ಒಳ್ಳೆಯದು, ಬಣ್ಣ ಸ್ಪಷ್ಟವಾಗಿ ಕಾಣುತ್ತದೆ. ನಾವು ಹೋದ ದಿನ ಅವರು ಕತ್ತಿಯೊಂದನ್ನು ಹದ ಮಾಡುತ್ತಿದ್ದರು. ಇಕ್ಕಳದಲ್ಲಿ ಹಿಡಿದ ಕಬ್ಬಿಣ ಮೊದಲು ಬರೀ ಕಪ್ಪು, ಆದರೆ ಒಂದು ಗೇಣು ದೂರದಲ್ಲಿ ಹಿಡಿದ ಅಂಗೈಗೆ ಶಾಖ ತಾಗುತ್ತದೆ. ಆಮೇಲೆ ಮಂಕು ಕೆಂಪು, ಕೆಂಡದ ಕೆಂಪು, ಕಿತ್ತಳೆ, ಕೊನೆಗೆ ಕಣ್ಣು ಕುಕ್ಕುವ ಹಳದಿ ಬಿಳುಪು. ಥರ್ಮಾಮೀಟರ್ ಇಲ್ಲದೆ ಬಣ್ಣ ನೋಡಿಯೇ ಅವರು ಯಾವಾಗ ಬಡಿಯಬೇಕು, ಯಾವಾಗ ನೀರಿಗೆ ಅದ್ದಬೇಕು ಎಂದು ತೀರ್ಮಾನಿಸುತ್ತಾರೆ. ಕಬ್ಬಿಣದ ಜಾಗದಲ್ಲಿ ಇಟ್ಟಿಗೆಯನ್ನೋ ಹೆಂಚಿನ ಚೂರನ್ನೋ ಅಷ್ಟೇ ಕಾಯಿಸಿದರೂ ಹೆಚ್ಚುಕಡಿಮೆ ಅದೇ ಬಣ್ಣ. ವಸ್ತು ಯಾವುದು ಎಂಬುದಕ್ಕಿಂತ ಕಾವು ಎಷ್ಟು ಎಂಬುದೇ ಬಣ್ಣವನ್ನು ನಿರ್ಧರಿಸುತ್ತದೆ ಎಂಬ ಸಂಗತಿ ಪ್ಲಾಂಕ್ ಅವರನ್ನು ಹಿಡಿದುಕೊಂಡಿತ್ತು.

ಬರ್ಲಿನ್‌ನಲ್ಲಿ ಆಗ ಗ್ಯಾಸ್ ದೀಪಕ್ಕೂ ಕರೆಂಟು ದೀಪಕ್ಕೂ ಪೈಪೋಟಿ. ಬೆಳಕನ್ನು ಅಳೆಯಲು ಒಂದು ಪ್ರಮಾಣ ಬೇಕೆಂದು ಅಲ್ಲಿನ ಸರ್ಕಾರಿ ಪ್ರಯೋಗಾಲಯದವರು ಎಲ್ಲ ಕಡೆ ಮುಚ್ಚಿ ಒಂದೇ ತೂತು ಬಿಟ್ಟ ಒಲೆಯನ್ನು ಕಾಯಿಸಿ, ತೂತಿನಿಂದ ಬರುವ ಬೆಳಕಿನಲ್ಲಿ ಯಾವ ಬಣ್ಣ ಎಷ್ಟು ಎಂದು ಅಳೆಯುತ್ತಿದ್ದರು. ಭೌತಶಾಸ್ತ್ರದವರು ಇದಕ್ಕೆ ಕೃಷ್ಣಕಾಯ ಎನ್ನುತ್ತಾರೆ. ಹೆಸರು ಕೇಳಿ ಹೆದರಬೇಕಿಲ್ಲ. ಮಿಕ್ಸರ್ ಬಂದ ರಟ್ಟಿನ ಪೆಟ್ಟಿಗೆಗೆ ಹೊರಗಿನಿಂದ ಕಪ್ಪು ಬಣ್ಣ ಬಳಿದು, ಒಂದು ಬದಿಯಲ್ಲಿ ಬೆರಳು ಹೋಗುವಷ್ಟು ತೂತು ಕೊರೆಯಿರಿ. ಒಳಗೆ ಏನೂ ಬಳಿಯಬೇಡಿ. ತೂತು ಸುತ್ತಲಿನ ಕಪ್ಪು ಬಣ್ಣಕ್ಕಿಂತಲೂ ಕಪ್ಪಾಗಿ ಕಾಣುತ್ತದೆ. ಒಳಹೊಕ್ಕ ಬೆಳಕು ಗೋಡೆಗೆ ಬಡಿದು ಬಡಿದು ಅಲ್ಲೇ ಇಂಗುತ್ತದೆ, ಅಷ್ಟೇ. ಈ ಪೆಟ್ಟಿಗೆಯನ್ನು ಎಸೆಯಬೇಡಿ, ಮುಂದೆ ಇದರಿಂದಲೇ ಇನ್ನೊಂದು ಕೆಲಸವಿದೆ.

ಸಾಮಾನು ಮತ್ತು ಜೋಡಣೆ

ಬೇಕಾಗುವುದು ಮೂರು ಪೆನ್ಸಿಲ್ ಸೆಲ್ ಹಿಡಿಯುವ ಹೋಲ್ಡರ್, ಒಂದು ಕಿಲೋ ಓಮ್‌ನ ವಾಲ್ಯೂಮ್ ಕಂಟ್ರೋಲ್, 330 ಓಮ್‌ನ ರೆಸಿಸ್ಟರ್, ಡಿಜಿಟಲ್ ಮಲ್ಟಿಮೀಟರ್, ಕ್ಲಿಪ್ ಇರುವ ವೈರುಗಳು. ಪುಸ್ತಕದವರು ವಾಲ್ಯೂಮ್ ಕಂಟ್ರೋಲನ್ನು ಪೊಟೆನ್ಶಿಯೋಮೀಟರ್ ಎನ್ನುತ್ತಾರೆ. ಅಂಗಡಿಯಲ್ಲಿ ಎರಡೂ ಹೆಸರು ನಡೆಯುತ್ತದೆ. ಮಲ್ಟಿಮೀಟರ್ ಒಂದನ್ನು ಬಿಟ್ಟರೆ ಉಳಿದದ್ದು ಕೈಖರ್ಚಿನಲ್ಲಿ ಮುಗಿಯುತ್ತದೆ. ಮೀಟರನ್ನು ನಿಮ್ಮೂರಿನ ರಿಪೇರಿಯವರ ಹತ್ತಿರ ಒಂದು ದಿನಕ್ಕೆ ಕೇಳಿ, ಇಲ್ಲವೆನ್ನಲಾರರು.

ಎಲ್‌ಇಡಿ ಆರಿಸುವಲ್ಲಿ ಮಾತ್ರ ಜಾಗ್ರತೆ ಬೇಕು. ಐದು ಮಿಲಿಮೀಟರಿನ, ಗಾಜು ಪಾರದರ್ಶಕವಾಗಿರುವ ಕೆಂಪು, ಹಳದಿ, ಹಸಿರು, ನೀಲಿ ಬಣ್ಣದವನ್ನು ತನ್ನಿ. ಸಾಮಾನ್ಯವಾಗಿ ಕೆಂಪಿನ ತರಂಗಾಂತರ, ಅಂದರೆ ಬೆಳಕಿನ ಒಂದು ಅಲೆಯಿಂದ ಮುಂದಿನ ಅಲೆಗಿರುವ ದೂರ, 630 ನ್ಯಾನೋಮೀಟರ್ ಆಸುಪಾಸು, ಹಳದಿ 590, ಹಸಿರು 525, ನೀಲಿ 470. ಪ್ಯಾಕೆಟ್ಟಿನ ಮೇಲೆ ಬೇರೆ ಅಂಕಿ ಇದ್ದರೆ ಅದನ್ನೇ ಹಿಡಿಯಿರಿ. ಹಳೆಯ ಟಿವಿ, ಚಾರ್ಜರುಗಳಿಂದ ಕಿತ್ತ ಹಸಿರು ಬೇಡ. ಅದು ಹಳದಿ ಬೆರೆತ ಹಸಿರು, 565-570ರ ಹತ್ತಿರದ್ದು. 525 ಎಂದು ಲೆಕ್ಕ ಹಾಕಿದರೆ ಉತ್ತರ ದಾರಿ ತಪ್ಪುತ್ತದೆ. ಬಿಳಿಯದಂತೂ ತರಲೇಬೇಡಿ. ನಮ್ಮ ಹುಡುಗಿ ಮೊದಲ ವರ್ಷ ‘ಬಿಳಿಯೂ ಇರಲಿ, ಚೆಂದ’ ಎಂದು ಎರಡು ತಂದಿದ್ದಳು. ಬಿಳಿ ಎಲ್‌ಇಡಿ ಎಂದರೆ ಹಳದಿ ಪುಡಿ ಮೆತ್ತಿಕೊಂಡ ನೀಲಿ ಎಲ್‌ಇಡಿ. ಅದಕ್ಕೆ ಸ್ವಂತದ್ದೆಂಬ ಒಂದು ತರಂಗಾಂತರವಿಲ್ಲ.

ಜೋಡಣೆ ಹೀಗೆ. ವಾಲ್ಯೂಮ್ ಕಂಟ್ರೋಲಿನ ಎರಡು ಕೊನೆಯ ಕಾಲುಗಳನ್ನು ಬ್ಯಾಟರಿಯ ಪ್ಲಸ್ ಮತ್ತು ಮೈನಸ್‌ಗೆ ಕೊಡಿ. ನಡುವಿನ ಕಾಲಿನಿಂದ ರೆಸಿಸ್ಟರ್, ರೆಸಿಸ್ಟರಿನಿಂದ ಎಲ್‌ಇಡಿಯ ಉದ್ದ ಕಾಲು, ಗಿಡ್ಡ ಕಾಲಿನಿಂದ ಬ್ಯಾಟರಿಯ ಮೈನಸ್. ಮಲ್ಟಿಮೀಟರನ್ನು ಡಿಸಿ 20 ವೋಲ್ಟಿಗೆ ತಿರುಗಿಸಿ ಅದರ ಎರಡು ಕಡ್ಡಿಗಳನ್ನು ಎಲ್‌ಇಡಿಯ ಎರಡು ಕಾಲಿಗೆ ಮಾತ್ರ ಹಿಡಿಯಿರಿ. ರೆಸಿಸ್ಟರನ್ನೂ ಸೇರಿಸಿ ಹಿಡಿದರೆ ಅಳೆದದ್ದು ಬೇರೆಯೇ ಆಗುತ್ತದೆ. ರೆಸಿಸ್ಟರ್ ಬಿಟ್ಟು ನೇರ ಬ್ಯಾಟರಿಗೆ ಕೊಡುವ ಆಸೆ ಎಲ್ಲ ಹುಡುಗರಿಗೂ ಬರುತ್ತದೆ. ನಮ್ಮ ಅಳಿಯನೊಬ್ಬ ಒಂಬತ್ತು ವೋಲ್ಟಿನ ಬ್ಯಾಟರಿಗೆ ಕೊಟ್ಟು ಕೆಂಪು ಎಲ್‌ಇಡಿಯನ್ನು ಟಪ್ಪೆಂದು ಕೊಂದ. ಒಂದೆರಡು ಹೆಚ್ಚಿಗೆ ತಂದಿಟ್ಟುಕೊಳ್ಳಿ.

ಕತ್ತಲೆ ಬೇಕು

ಮೊದಲ ವರ್ಷ ನಾವು ಸೋತದ್ದು ಇಲ್ಲೇ. ಪ್ರದರ್ಶನದಲ್ಲಿ ನಮಗೆ ಸಿಕ್ಕಿದ ಮೇಜು ಕಿಟಕಿಯ ಪಕ್ಕ. ಬೆಳಗಿನ ಹತ್ತು ಗಂಟೆಯ ಬಿಸಿಲಿನಲ್ಲಿ ಎಲ್‌ಇಡಿ ಯಾವಾಗ ಹತ್ತಿತು ಎಂದು ದೇವರಿಗೂ ತಿಳಿಯುವಂತಿರಲಿಲ್ಲ. ನೋಡಲು ಬಂದ ತೀರ್ಪುಗಾರರು ಬಗ್ಗಿ ನೋಡಿ, ಮಿಂಚುವ ಪೆನ್ನಿನ ಬಳ್ಳಿಯನ್ನು ಹೊಗಳಿ ಮುಂದೆ ಹೋದರು.

ಎರಡನೆಯ ವರ್ಷ ಅದೇ ಮಿಕ್ಸರ್ ಪೆಟ್ಟಿಗೆಯೊಳಗೆ ಎಲ್‌ಇಡಿ ಇಟ್ಟು, ತೂತಿಗೆ ಕಪ್ಪು ಕಾಗದದ ಕೊಳವೆ ಸುತ್ತಿ, ಅದಕ್ಕೆ ಕಣ್ಣು ಒತ್ತಿ ನೋಡುವ ಏರ್ಪಾಡು ಮಾಡಿದೆವು. ಕಣ್ಣು ಕತ್ತಲೆಗೆ ಒಗ್ಗಲು ಐದು ನಿಮಿಷವಾದರೂ ಬೇಕು. ಮನೆಯಲ್ಲಿ ಅಭ್ಯಾಸ ಮಾಡುವುದಾದರೆ ಜುಲೈ ತಿಂಗಳ ನಮ್ಮ ಶಿರಸಿ ಸೀಮೆಯಷ್ಟು ಅನುಕೂಲದ ಜಾಗ ಇನ್ನೊಂದಿಲ್ಲ: ಮಳೆ ಹೊಡೆಯುತ್ತದೆ, ಮರ ಬೀಳುತ್ತದೆ, ಕರೆಂಟು ಹೋಗುತ್ತದೆ. ಸೆಲ್ಲಿನ ಮೇಲೆ ನಡೆಯುವ ಪ್ರಯೋಗಕ್ಕೆ ಅದೇ ಹಬ್ಬ.

ಕಂಟ್ರೋಲನ್ನು ಸೊನ್ನೆಯಿಂದ ನಿಧಾನವಾಗಿ ತಿರುಗಿಸುತ್ತ, ಬೆಳಕಿನ ಚುಕ್ಕೆ ಮೊಟ್ಟಮೊದಲು ಕಂಡ ಕ್ಷಣ ‘ಹೂಂ’ ಎನ್ನಿ; ಮೀಟರ್ ನೋಡುವ ಇನ್ನೊಬ್ಬರು ಬರೆದುಕೊಳ್ಳಲಿ. ಪ್ರತಿ ಬಣ್ಣಕ್ಕೆ ಐದು ಸಲ ಮಾಡಿ ಸರಾಸರಿ ತೆಗೆಯಿರಿ. ನಾಲ್ಕೂ ಬಣ್ಣವನ್ನು ಒಬ್ಬರ ಕಣ್ಣೇ ನೋಡಬೇಕು. ನನ್ನ ಕಣ್ಣಿಗೆ ಕಾಣಲು ಹುಡುಗಿಯ ಕಣ್ಣಿಗಿಂತ ಯಾವಾಗಲೂ ತುಸು ಹೆಚ್ಚು ವೋಲ್ಟೇಜ್ ಬೇಕಾಗುತ್ತಿತ್ತು, ವಯಸ್ಸಾಯಿತು.

ನಮ್ಮ ಪುಸ್ತಕದಲ್ಲಿರುವ ಸರಾಸರಿಗಳು: ಕೆಂಪು 1.66 ವೋಲ್ಟ್, ಹಳದಿ 1.78, ಹಸಿರು 2.10, ನೀಲಿ 2.36.

ಈ ನಾಲ್ಕು ಅಂಕಿ ನೋಡಿ ನಾನು ಅಂಗಡಿಯ ಸ್ಟೂಲಿನ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಕೆಂಪು ಎಲ್‌ಇಡಿ ಎರಡು ಸೆಲ್ಲಿಗೆ ಧಾರಾಳವಾಗಿ ಉರಿಯುತ್ತದೆ, ನೀಲಿ ಸರಿಯಾಗಿ ಉರಿಯಲು ಮೂರು ಬೇಕು. ರಿಪೇರಿ ಮಾಡುವ ಯಾರನ್ನು ಕೇಳಿದರೂ ಹೇಳುತ್ತಾರೆ. ಇಪ್ಪತ್ತು ವರ್ಷ ಈ ಸಂಗತಿಯನ್ನು ಕೈಯಲ್ಲಿ ಹಿಡಿದುಕೊಂಡೇ ಓಡಾಡಿದ್ದೆ, ಏಕೆ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಏಕೆ ಎಂದರೆ: ಜಾತ್ರೆಯ ಲೆಕ್ಕ

ಮಾರಿಕಾಂಬಾ ಜಾತ್ರೆಯನ್ನು ನೆನೆಸಿಕೊಳ್ಳಿ. ಎರಡು ವರ್ಷಕ್ಕೊಮ್ಮೆ ಊರಿಡೀ ಅಂಗಡಿ. ಒಂದೊಂದು ಬಣ್ಣದ ಬೆಳಕೂ ಒಂದೊಂದು ಅಂಗಡಿ; ಕಾದ ಕಬ್ಬಿಣದ ಶಾಖ ಮಕ್ಕಳ ಜೇಬಿನ ದುಡ್ಡು. ಕೆಂಪು ಅಂಗಡಿಯ ಪೀಪಿಗೆ ಹತ್ತು ರೂಪಾಯಿ. ನೀಲಿ ಅಂಗಡಿಯ ರಿಮೋಟ್ ಕಾರಿಗೆ ಐನೂರು. ಅರ್ಧ ಕಾರು ಕೊಡಿ, ಒಂದು ಚಕ್ರ ಕೊಡಿ ಎಂದರೆ ಕೊಡುವುದಿಲ್ಲ. ಜೇಬಿನಲ್ಲಿ ಇಪ್ಪತ್ತು ರೂಪಾಯಿ ಇರುವ ಮಕ್ಕಳೆಲ್ಲ ಪೀಪಿಯ ಮುಂದೆ ಮುತ್ತುತ್ತಾರೆ, ಕಾರಿನವನು ನೊಣ ಹೊಡೆಯುತ್ತಾನೆ. ಕಾವು ಏರಿದರೆ ಜೇಬಿನ ದುಡ್ಡೂ ಏರಿ, ನಡುವಿನ ಹಳದಿ ಅಂಗಡಿಗೆ ವ್ಯಾಪಾರ ಕುದುರುತ್ತದೆ. ಹಳೆಯ ಭೌತಶಾಸ್ತ್ರದ ಲೆಕ್ಕದಲ್ಲಿ ಬೆಳಕನ್ನು ಎಷ್ಟು ಬೇಕಾದರೂ ಚಿಲ್ಲರೆಯಾಗಿ ಕೊಳ್ಳಬಹುದಿತ್ತು, ಎಲ್ಲ ಅಂಗಡಿಗೂ ಸಮಪಾಲು. ನೀಲಿಯಿಂದ ಆಚೆಗೆ ಅಂಗಡಿಗಳಿಗೆ ಕೊನೆಯೇ ಇಲ್ಲದ್ದರಿಂದ ಊರಿನ ದುಡ್ಡೆಲ್ಲ ಆ ಕಡೆಗೇ ಹರಿದು ಹೋಗಬೇಕಿತ್ತು. ಕುಲುಮೆಯಲ್ಲಿ ಹಾಗೆ ಆಗುವುದಿಲ್ಲವಲ್ಲ.

ಬೆಲೆಪಟ್ಟಿ ಬರೆದವರು ಪ್ಲಾಂಕ್. ಒಂದು ಪೊಟ್ಟಣದ ಬೆಲೆ ಎಂದರೆ ಎಚ್ ಗುಣಿಸು ಆವೃತ್ತಿ, ಅಂದರೆ ಬೆಳಕಿನ ಅಲೆ ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಎಂಬ ಎಣಿಕೆ. ಎಲ್‌ಇಡಿಯಲ್ಲಿ ಎಲೆಕ್ಟ್ರಾನ್ ಒಂದು ಮೆಟ್ಟಿಲು ಇಳಿದು ಒಂದು ಪೊಟ್ಟಣ ಬೆಳಕನ್ನು ಕೊಡುತ್ತದೆ. ಆ ಮೆಟ್ಟಿಲಿನ ಎತ್ತರವೇ ನಮ್ಮ ವೋಲ್ಟೇಜ್. ನೀಲಿಯ ಪೊಟ್ಟಣ ದುಬಾರಿ, ಅದಕ್ಕೇ ಮೂರನೆಯ ಸೆಲ್ಲು.

ಈಗ ಲೆಕ್ಕ. ಬೆಳಕಿನ ವೇಗವನ್ನು ತರಂಗಾಂತರದಿಂದ ಭಾಗಿಸಿದರೆ ಆವೃತ್ತಿ: ಕೆಂಪಿಗೆ 4.76 × 10¹⁴, ನೀಲಿಗೆ 6.38 × 10¹⁴. ಗ್ರಾಫ್ ಹಾಳೆಯಲ್ಲಿ ಅಡ್ಡಕ್ಕೆ ಆವೃತ್ತಿ, ಮೇಲಕ್ಕೆ ವೋಲ್ಟೇಜ್ ಇಟ್ಟು ನಾಲ್ಕು ಚುಕ್ಕೆ ಹಾಕಿ, ನಡುವೆ ಹಾಯುವಂತೆ ಸ್ಕೇಲಿನಲ್ಲಿ ಗೆರೆ ಎಳೆಯಿರಿ. ನಮ್ಮ ಗೆರೆ ಸುಮಾರಾಗಿ ಕೆಂಪು, ನೀಲಿ ಚುಕ್ಕೆಗಳ ಮೇಲೇ ಹಾದುಹೋಯಿತು. ವೋಲ್ಟೇಜಿನ ವ್ಯತ್ಯಾಸ 0.70, ಆವೃತ್ತಿಯ ವ್ಯತ್ಯಾಸ 1.62 × 10¹⁴. ಭಾಗಿಸಿದರೆ 4.32 × 10⁻¹⁵. ಇದನ್ನು ಎಲೆಕ್ಟ್ರಾನಿನ ವಿದ್ಯುದಂಶವಾದ 1.602 × 10⁻¹⁹ ರಿಂದ ಗುಣಿಸಿದಾಗ ಬಂದದ್ದು 6.92 × 10⁻³⁴.

ಒಂದೇ ಬಣ್ಣದಿಂದ ನೇರ ಲೆಕ್ಕ ಹಾಕಬೇಡಿ. ಕೆಂಪೊಂದರಿಂದ ನಮಗೆ 5.59 ಬಂದಿತ್ತು. ಕಣ್ಣಿಗೆ ಕಾಣುವ ಮೊದಲ ಬೆಳಕಿಗೆ ಎಲೆಕ್ಟ್ರಾನುಗಳಿಗೆ ಶಾಖದ ಸಹಾಯವೂ ಇರುವುದರಿಂದ ವೋಲ್ಟೇಜ್ ಕಡಿಮೆಯೇ ಕಾಣುತ್ತದೆ. ಗೆರೆಯ ಇಳಿಜಾರು ಹಿಡಿದರೆ ಎಲ್ಲಕ್ಕೂ ಸಮಾನವಾದ ಕೊರತೆ ಕಳೆದುಹೋಗುತ್ತದೆ. ಪೂರ್ತಿ ಹೋಗುವುದಿಲ್ಲ, ಕೆಂಪು-ಹಳದಿ ಒಂದು ಜಾತಿಯ ವಸ್ತು, ಹಸಿರು-ನೀಲಿ ಇನ್ನೊಂದು.

6.92 ನೋಡಿ ಹುಡುಗಿಯ ಮುಖ ಸಣ್ಣದಾಯಿತು. 6.63 ಎಂದು ತಿದ್ದಿಬಿಡೋಣವೇ ಎಂಬ ಮಾತೂ ಬಂತು. ನಾನು ಬಿಡಲಿಲ್ಲ. 1900ರಲ್ಲಿ ಪ್ಲಾಂಕ್ ತಾವೇ ಲೆಕ್ಕ ಹಾಕಿ ಪ್ರಕಟಿಸಿದ ಅಂಕಿ 6.55 ಎಂದು ತೋರಿಸಿದೆ. ಗ್ರಾಫಿನ ಮೂಲೆಯಲ್ಲಿ ಅವಳು ಮೂರನ್ನೂ ಒಂದರ ಕೆಳಗೊಂದು ಬರೆದಳು: ಪ್ಲಾಂಕ್ 6.55, ನಾವು 6.92, ಇಂದು 6.62607015. ಕೊನೆಯದನ್ನು ಈಗ ಯಾರೂ ಅಳೆಯುವಂತಿಲ್ಲ. 2019ರ ಮೇ 20ರಿಂದ ಅದನ್ನು ಹಾಗೆಯೇ ನಿಗದಿ ಮಾಡಿ, ಕಿಲೋಗ್ರಾಮನ್ನು ಅದರ ಆಧಾರದ ಮೇಲೆ ನಿಲ್ಲಿಸಿದ್ದಾರೆ. ನಾವು ತೂಗುವ ಅಡಿಕೆಗೂ ಈಗ ಪ್ಲಾಂಕೇ ಜಾಮೀನು.

ಜೀವನಕಥೆಗೆ ಎಷ್ಟು ಜಾಗ

ಚಾರ್ಟ್ ಬೇಡ. ಅಂಚೆ ಕಚೇರಿಯಿಂದ ಒಂದು ಪೋಸ್ಟ್‌ಕಾರ್ಡ್ ತನ್ನಿ. 1900ರ ಅಕ್ಟೋಬರ್ 7, ಭಾನುವಾರ. ಪ್ರಯೋಗ ಮಾಡುತ್ತಿದ್ದ ಹೈನ್ರಿಖ್ ರೂಬೆನ್ಸ್ ಹೆಂಡತಿಯೊಡನೆ ಪ್ಲಾಂಕ್ ಮನೆಗೆ ಚಹಾಕ್ಕೆ ಬಂದಿದ್ದರು. ಕೆಂಪಿನ ಆಚೆಯ ಉದ್ದ ತರಂಗಗಳಲ್ಲಿ ಆವರೆಗಿನ ಸೂತ್ರ ತಾಳೆಯಾಗುತ್ತಿಲ್ಲ ಎಂದು ಮಾತಿಗೆ ಮಾತು ಬಂತು. ಅವರು ಹೋದ ಮೇಲೆ ಅದೇ ಸಂಜೆ ಪ್ಲಾಂಕ್ ಹೊಸ ಸೂತ್ರ ಕಂಡುಕೊಂಡು ಒಂದು ಕಾರ್ಡಿನಲ್ಲಿ ಬರೆದು ರೂಬೆನ್ಸ್‌ಗೆ ಕಳಿಸಿದರು. ನಿಮ್ಮ ಪೋಸ್ಟ್‌ಕಾರ್ಡಿನಲ್ಲಿ ಅದೇ ಸೂತ್ರವನ್ನು ನೀಲಿ ಶಾಯಿಯಲ್ಲಿ ಬರೆದಿಡಿ. ಜನ ನಿಂತು ನೋಡುತ್ತಾರೆ.

ಅಕ್ಟೋಬರ್ 19ರಂದು ಸೂತ್ರವನ್ನು ಸಭೆಯ ಮುಂದೆ ಇಟ್ಟಾಗ ಅದು ಸರಿಹೊಂದುವ ಊಹೆ ಮಾತ್ರ. ಏಕೆ ಹೊಂದುತ್ತದೆ ಎಂಬುದನ್ನು ಡಿಸೆಂಬರ್ 14ರೊಳಗೆ ಕಂಡುಕೊಂಡರು. ಪೊಟ್ಟಣದ ಲೆಕ್ಕ ಬಂದದ್ದು ಆಗ. ಆಗ ಅವರಿಗೆ 42 ವರ್ಷ. ಮುಂದೆ ಒಂದು ಪತ್ರದಲ್ಲಿ ಅದನ್ನು ಹತಾಶೆಯ ಕೃತ್ಯವೆಂದೇ ಕರೆದುಕೊಂಡರು. ‘ಅತಿನೇರಳೆ ದುರಂತವನ್ನು ಬಿಡಿಸಲು ಹೊರಟರು’ ಎಂದು ಎಲ್ಲ ಚಾರ್ಟುಗಳಲ್ಲಿ ಇರುತ್ತದೆ. ಜಾತ್ರೆಯ ದುಡ್ಡೆಲ್ಲ ನೀಲಿಯ ಆಚೆಗೆ ಹರಿಯುವ ಪೇಚಿಗೆ ಆ ಹೆಸರು ಹುಟ್ಟಿದ್ದೇ 1911ರಲ್ಲಿ. ನನ್ನ ಜಾತ್ರೆಯ ಲೆಕ್ಕವೂ ವಿವರಣೆಗೆ ಮಾತ್ರ, ಅವರ ದಾರಿ ಅದಾಗಿರಲಿಲ್ಲ. ಬೆಳಕೇ ಪೊಟ್ಟಣವಾಗಿ ಓಡಾಡುತ್ತದೆ ಎಂದು 1905ರಲ್ಲಿ ಹೇಳಿದ್ದು ಐನ್‌ಸ್ಟೈನ್. ಪ್ಲಾಂಕ್ ಅದನ್ನು ಬಹುಕಾಲ ಒಪ್ಪಲಿಲ್ಲ. 1913ರಲ್ಲಿ ಐನ್‌ಸ್ಟೈನ್ ಅವರನ್ನು ಬರ್ಲಿನ್ ಅಕಾಡೆಮಿಗೆ ಶಿಫಾರಸು ಮಾಡುವಾಗಲೂ, ಆ ಒಂದು ವಿಷಯದಲ್ಲಿ ಗುರಿ ತಪ್ಪಿರಬಹುದು, ಮನ್ನಿಸಿ ಎಂಬ ಧಾಟಿಯ ಸಾಲು ಸೇರಿಸಿದ್ದರು. 1924ರಲ್ಲಿ ಢಾಕಾದಿಂದ ಸತ್ಯೇಂದ್ರನಾಥ ಬೋಸ್ ಅದೇ ಸೂತ್ರವನ್ನು ಬೆಳಕಿನ ಕಣಗಳ ಎಣಿಕೆಯಿಂದಲೇ ಬಿಡಿಸಿ ಐನ್‌ಸ್ಟೈನ್‌ಗೆ ಕಳಿಸಿದ್ದನ್ನು ಒಂದು ಸಾಲಿನಲ್ಲಿ ಸೇರಿಸಿ.

ಮಕ್ಕಳಿಗೆ ತುಂಬ ಹಿಡಿಸುವುದು ಮ್ಯೂನಿಕ್‌ನ ಪ್ರಾಧ್ಯಾಪಕ ಜಾಲಿ ಅವರ ಉಪದೇಶ: ಭೌತಶಾಸ್ತ್ರದಲ್ಲಿ ಇನ್ನು ಕಂಡುಹಿಡಿಯುವುದು ಹೆಚ್ಚೇನೂ ಉಳಿದಿಲ್ಲ, ಬೇರೆ ಏನಾದರೂ ಓದು. ಪ್ಲಾಂಕ್ ಚೆನ್ನಾಗಿ ಪಿಯಾನೋ ನುಡಿಸುತ್ತಿದ್ದರು, ಸಂಗೀತಕ್ಕೂ ಹೋಗಬಹುದಿತ್ತು.

ಮನೆಯ ಕಥೆಯನ್ನು ಹೇಳಬೇಕೋ ಬೇಡವೋ ಎಂದು ನಾನು ಹಿಂದೆಮುಂದೆ ನೋಡಿದೆ. ಹುಡುಗಿ ಹೇಳಲೇಬೇಕೆಂದಳು. ಮೊದಲ ಹೆಂಡತಿ ಮರೀ 1909ರಲ್ಲಿ ತೀರಿಕೊಂಡರು. ದೊಡ್ಡ ಮಗ ಕಾರ್ಲ್ 1916ರಲ್ಲಿ ಯುದ್ಧದಲ್ಲಿ ಸತ್ತ. ಅವಳಿ ಹೆಣ್ಣುಮಕ್ಕಳಲ್ಲಿ ಗ್ರೆಟೆ 1917ರಲ್ಲಿ, ಎಮ್ಮಾ 1919ರಲ್ಲಿ, ಇಬ್ಬರೂ ಬಾಣಂತನದಲ್ಲಿ. 1944ರಲ್ಲಿ ಬರ್ಲಿನ್ ಮನೆ ಬಾಂಬಿಗೆ ಸುಟ್ಟು ಕಾಗದಪತ್ರಗಳೆಲ್ಲ ಬೂದಿ. ಹಿಟ್ಲರ್ ಹತ್ಯೆಯ ಸಂಚಿನ ಆರೋಪದಲ್ಲಿ ಮಗ ಎರ್ವಿನ್‌ನನ್ನು 1945ರ ಜನವರಿಯಲ್ಲಿ ಗಲ್ಲಿಗೇರಿಸಿದರು. ಅವಳು ಇದನ್ನೆಲ್ಲ ಬಿಳಿ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಬರೆದಳು, ಅಲಂಕಾರ ಏನೂ ಇಲ್ಲದೆ. ನಾಜಿ ಕಾಲದ ಬಗ್ಗೆ ಯಾರಾದರೂ ಕೇಳಿಯೇ ಕೇಳುತ್ತಾರೆ. ಅವರನ್ನು ವೀರನೂ ಮಾಡಬೇಡಿ, ಹೇಡಿಯೂ ಮಾಡಬೇಡಿ. 1933ರಲ್ಲಿ ಹಿಟ್ಲರ್‌ನನ್ನು ಕಂಡು ಯಹೂದಿ ವಿಜ್ಞಾನಿಗಳ ಪರವಾಗಿ ಮಾತಾಡಿದರು, ಫಲವಾಗಲಿಲ್ಲ. ದೇಶ ಬಿಡಲಿಲ್ಲ, ಕೈಸರ್ ವಿಲ್ಹೆಲ್ಮ್ ಸೊಸೈಟಿ ಎಂಬ ವಿಜ್ಞಾನ ಸಂಸ್ಥೆಯ ಅಧ್ಯಕ್ಷ ಹುದ್ದೆಯಲ್ಲಿ 1937ರವರೆಗೆ ಮುಂದುವರಿದರು. 1935ರಲ್ಲಿ ಸರ್ಕಾರದ ನಿಷೇಧವಿದ್ದರೂ ದೇಶ ಬಿಡಬೇಕಾಗಿ ಬಂದಿದ್ದ ಯಹೂದಿ ಮೂಲದ ರಸಾಯನ ವಿಜ್ಞಾನಿ ಫ್ರಿಟ್ಸ್ ಹಾಬರ್ ಅವರ ಸ್ಮರಣೆಯ ಸಭೆ ನಡೆಸಿದರು. ಇಷ್ಟು ಹೇಳಿ ಸುಮ್ಮನಾಗಿ.

ಪ್ರದರ್ಶನದ ದಿನ

ಕಿಟಕಿಯ ಪಕ್ಕದ ಮೇಜು ಕೊಟ್ಟರೆ ಜಗಳವಾಡಿಯಾದರೂ ಒಳಗಿನದನ್ನು ಹಿಡಿಯಿರಿ. ಕೊಳವೆಗೆ ಒಬ್ಬರು ಕಣ್ಣಿಟ್ಟಾಗ ಇನ್ನೊಬ್ಬರು ಮೀಟರ್ ಓದಲಿ. ಬಂದವರಿಂದಲೇ ಕಂಟ್ರೋಲ್ ತಿರುಗಿಸಿಸಿ. ಕಾರವಾರ ಕಡೆಯವರು ಬಂದರೆ ‘ಇದು ಕೈಗಾದ್ದೇ?’ ಎಂದು ಕೇಳುತ್ತಾರೆ. ಅಲ್ಲ. ಅಲ್ಲಿನ ಅಣುಸ್ಥಾವರದ ಶಕ್ತಿ ಪರಮಾಣುವಿನ ನಡುವಿನ ಬೀಜದ್ದು, ಇಲ್ಲಿನದು ಎಲೆಕ್ಟ್ರಾನಿನದು. ಅಲ್ಲಿನ ಲೆಕ್ಕವೂ ಈ ಎಚ್ ಇಲ್ಲದೆ ಸಾಗುವುದಿಲ್ಲ ಎಂದು ಸೇರಿಸಬಹುದು.

ಮುಗಿದ ಮೇಲೆ ಸೆಲ್ಲುಗಳನ್ನು ಹೋಲ್ಡರಿನಿಂದ ತೆಗೆದಿಡಿ. ನಮ್ಮ ಕಡೆಯ ತೇವಕ್ಕೆ ಸೆಲ್ಲು ಸೋರುತ್ತದೆ. ಊರಿಗೆಲ್ಲ ಇದನ್ನೇ ಹೇಳುವ ನಾನೇ ಕಳೆದ ವರ್ಷ ಮರೆತು, ಮಳೆಗಾಲ ಮುಗಿದು ಪೆಟ್ಟಿಗೆ ತೆರೆದಾಗ ಸ್ಪ್ರಿಂಗುಗಳೆಲ್ಲ ಹಸಿರುಗಟ್ಟಿದ್ದವು. ಹುಡುಗಿ ಉಪ್ಪುಕಾಗದ ತಂದು ಉಜ್ಜಿದಳು, ನಾನು ಬೆಸುಗೆ ಹಾಕಿದೆ.